ಮುದ್ದೆ ಅಗಿಯೋನು ಉಗಾಂಡಕ್ಕೆ ಹೋಗಿದ್ದು

ರಾಮನಗರ

ಬೇರೆಯೋರು ಹೊಸ ಊರಿಗೆ ಹೋದ್ರೆ ಗುಡಿ ಎಲ್ಲೈತೆ, ಹೋಟ್ಲು ಎಲ್ಲೈತೆ ಅಂತ ಕೇಳ್ತಾರೆ. ನಾನು ಕಕ್ಕಸ್ ಎಲ್ಲೈತೆ ಅಂತ ಕೇಳ್ತೀನಿ. ನಾಚ್ಕೆ ಬುಟ್ಟೇ ಬರೀತಾ ಇವ್ನಿ. ಅದಿಲ್ದೆ ಈ ಪ್ರಯಾಣದ ಕತೆ ಯೋಳಕ್ಕಾಗಲ್ಲ.

ನಮ್ಮೂರು ಕೂಟಗಲ್. ರಾಮನಗರದಲ್ಲಿ ರೇಷ್ಮೆ ಬಿಚ್ಚೋ ಕೆಲ್ಸ ಮಾಡ್ತಿದ್ದೆ. ಬಿಸಿನೀರಿನ ಬೇಸನ್ ಮುಂದೆ ಕೂತು, ಬೆಂದ ಗೂಡಿಂದ ಎಳೆ ಎತ್ತಿ ರಾಟೆಗೆ ಕೊಡೋದು. ಇಪ್ಪತ್ತೆರಡಕ್ಕೆ ದೊಡ್ ಕರುಳಲ್ಲಿ ಹುಣ್ಣಾಯ್ತು. ರಕ್ತ ಹೋಗಕ್ಕೆ ಶುರುವಾಯ್ತು. ಮಾತ್ರೆ ಎಷ್ಟು ನುಂಗುದ್ರೂ ನಿಲ್ಲಲಿಲ್ಲ. ಬೆಂಗ್ಳೂರಲ್ಲಿ ದೊಡ್ ಕರುಳು ಪೂರ್ತಿ ತಗದಾಕುದ್ರು. ಒಂದಷ್ಟು ತಿಂಗ್ಳು ಹೊಟ್ಟೆ ಮೇಲೆ ಚೀಲ ಅಂಟಿಸ್ಕಂಡು ತಿರುಗ್ದೆ. ಆಮೇಲೆ ಸಣ್ ಕರುಳಿನ ತುದೀನೇ ಮಡ್ಚಿ, ಹೊಲ್ದು, ಒಳಗೇ ಒಂದು ಚೀಲ ಮಾಡಿ, ಹೊರಗಿನ್ ಚೀಲ ತಗದ್ರು. ಡಾಕ್ಟ್ರು ಪೌಚು ಅಂತಾರೆ. ನಾನು ಒಳಚೀಲ ಅಂತೀನಿ.

ಒಳಚೀಲ ಬಂತು ಅಂದ್ರೆ ಎಲ್ಲ ಸರೋಯ್ತು ಅಂತಲ್ಲ. ದಿನಕ್ಕೆ ಎಂಟು ಸಲ, ಹತ್ತು ಸಲ ಹೋಗ್ಬೇಕು. ತಡಿಯಕ್ಕಾಗಲ್ಲ. ಉರಿ ಬೇರೆ. ಆಗಾಗ ಚೀಲ ಊದ್ಕತದೆ, ಜ್ವರ ಬತ್ತದೆ, ಆಗ ಹದಿನೈದು ಸಲ, ಇಪ್ಪತ್ತು ಸಲ. ಉಗಾಂಡಕ್ಕೆ ಹೋದ ವರ್ಷ ಮೂರು ಸಲ ಊದ್ಕಂತು. ಡಾಕ್ಟ್ರು ಸುತ್ತಿ ಬಳಸಿ ಮಾತಾಡಲಿಲ್ಲ. "ಶಿವರಾಜು, ಇದು ಹಿಂಗೇ ಆಯ್ತಿದ್ರೆ ಒಳಚೀಲ ತಗದಾಕ್ಬೇಕು. ಆಮೇಲೆ ಹೊರಗಿನ್ ಚೀಲನೇ, ಕೊನೇವರ್ಗೂ," ಅಂದ್ರು.

ಹೊರಗಿನ್ ಚೀಲ ಇಟ್ಕಂಡು ಚೆನ್ನಾಗಿ ಬದುಕೋರು ಬೇಕಾದಷ್ಟು ಜನ ಅವ್ರೆ. ಆಸ್ಪತ್ರೆಲಿ ನೋಡಿವ್ನಿ. ಆದ್ರೂ ನಂಗೆ ಒಳಚೀಲ ಉಳೀಬೇಕಿತ್ತು. ಅಷ್ಟು ಕೊಯ್ಸ್ಕಂಡು ಪಡಕೊಂಡಿದ್ದು ಅದು.

ಡಾಕ್ಟ್ರು ಎಲ್ಲಕ್ಕಿಂತ ಜಾಸ್ತಿ ಸಲ ಯೋಳಿದ್ದು ಒಂದೇ ಮಾತು. ಅಗಿ. ಬಾಯಲ್ಲೇ ನೀರಾಗೋಗಂಟ ಅಗಿ. ಅಗೀದೆ ನುಂಗಿದ್ದು ದಾರೀಲಿ ಸಿಕ್ಕಾಕೊಂಡ್ರೆ ಕರುಳು ಕಟ್ಟೋಯ್ತದೆ, ಮತ್ತೆ ಆಪರೇಷನ್ನೇ.

ನಮ್ ಕಡೆಯೋನಿಗೆ ಈ ಮಾತು ಯೋಳುದ್ರೆ ಹೆಂಗೆ? ನಮ್ದು ಮುದ್ದೆ ಸೀಮೆ. ಮುರಿ, ಉಂಡೆ ಕಟ್ಟು, ಸಾರಲ್ಲಿ ಅದ್ದು, ನುಂಗು. ಮುದ್ದೆ ಅಗಿಯೋನ ಕಂಡ್ರೆ ಮಕ್ಳೂ ನಗ್ತಾವೆ. ಬರೀ ಮುದ್ದೆ ಆದ್ರೆ ಪರ್ವಾಗಿಲ್ಲ, ಮೆತ್ತಗಿರ್ತದೆ. ಅದ್ರ ಜೊತೆಗೆ ಸಾರಿನ ಕಾಳು, ಸೊಪ್ಪು, ದಂಟು ಎಲ್ಲ ಸೀದಾ ಒಳಕ್ಕೆ ಹೋಯ್ತದಲ್ಲ, ಅದು ಕಷ್ಟ. ಅದ್ಕೆ ನಾಕು ವರ್ಷದಿಂದ ನಾನು ಗೋಡೆ ಕಡೆ ಮುಖ ಮಾಡ್ಕಂಡು ಉಣ್ತಿದ್ದೆ. ಗದ್ದ ಅಲ್ಲಾಡದು ಯಾರಿಗೂ ಕಾಣ್ಬಾರ್ದು ಅಂತ.

ಬೇಸನ್ ಕೆಲ್ಸನೂ ಹೋಯ್ತು. ಗೂಡು ನೀರಿಗೆ ಬಿದ್ಮೇಲೆ ಎದ್ದೋಗಂಗಿಲ್ಲ. ಎದ್ದೋದ್ರೆ ಗೂಡು ಬೆಂದೋಯ್ತದೆ, ಎಳೆ ಹರೀತದೆ, ಓನರ್ ಬೈತಾನೆ. ಕೊನೆಗೆ ನಂಜಣ್ಣನ ವರ್ಕ್‌ಶಾಪ್ ಸೇರ್ಕಂಡೆ. ನಂಜಣ್ಣ ಮಾಗಡಿ ತಾಲ್ಲೂಕು ಗುಡೇಮಾರನಹಳ್ಳಿಯೋನು. ವಯಸ್ಸು ಐವತ್ತು ದಾಟೈತೆ. ರೇಷ್ಮೆ ಬಿಚ್ಚೋ ಮೆಷಿನ್ನು ಮಾಡ್ತಾನೆ, ರಿಪೇರಿನೂ ಮಾಡ್ತಾನೆ. ಬಾಯಿ ಜೋರು. ನಂಗೆ ಹೊಟ್ಟೆ ಸರಿಯಿಲ್ಲ ಅಂತ ಮಾತ್ರ ಗೊತ್ತಿತ್ತು ಅವನಿಗೆ. ಮಿಕ್ಕಿದ್ದು ಯೋಳಿರ್ಲಿಲ್ಲ.

ಒಂದಿನ ಬಂದು, "ಲೇ ಶಿವ, ಉಗಾಂಡದಲ್ಲಿ ಹೆಂಗಸ್ರ ಸಂಘದೋರು ನಮ್ ಮೆಷಿನ್ ತಗೊಂಡವ್ರೆ. ಕೂರ್ಸಕ್ಕೆ ನಾನು ಹೋಗ್ಬೇಕು, ಎಳೆ ಎತ್ತೋದು ಕಲ್ಸಕ್ಕೆ ಒಬ್ಬ ಬೇಕು. ಬತ್ತೀಯೇನ್ಲಾ?" ಅಂದ.

ಅವ್ನು ಮಾತು ಮುಗ್ಸೋಕ್ ಮುಂಚೆ "ಬತ್ತೀನಿ" ಅಂದ್ಬುಟ್ಟೆ. ನಿಜ ಯೋಳಿದ್ರೆ ಕರ್ಕಂಡು ಹೋಗ್ತಿರ್ಲಿಲ್ಲ.

ಡಾಕ್ಟ್ರಿಗೆ ಇಷ್ಟ ಇರ್ಲಿಲ್ಲ. ಆದ್ರೂ ಮಾತ್ರೆ ಬರ್ಕೊಟ್ಟು, ಇಂಗ್ಲಿಷಲ್ಲಿ ಒಂದು ಕಾಗ್ದ ಕೊಟ್ರು. "ಎಲ್ಲೇ ಆಸ್ಪತ್ರೆಗೆ ಹೋದ್ರೂ ಬಾಯಿ ಬಿಡೋಕ್ ಮುಂಚೆ ಇದ್ನ ಕೊಡು." ಅದನ್ನ ಪಾಸ್‌ಪೋರ್ಟ್ ಕವರ್ ಒಳಗೆ ಮಡ್ಚಿಟ್ಟೆ.

ವಿಮಾನ

ನಂಜಣ್ಣ ದೊಡ್ ಮನಸು ಮಾಡಿ, "ನೀನು ಚಿಕ್ಕೋನು, ಕಿಟ್ಕಿ ಪಕ್ಕ ಕೂತ್ಕ" ಅಂದ. ನಾನು ಒಲ್ಲೆ ಅಂದೆ. ಅವ್ನೂ ಮೊದ್ಲ ಸಲವೇ ವಿಮಾನ ಹತ್ತಿದ್ದು, ಎರಡ್ನೇ ಸಲ ಕೇಳಲಿಲ್ಲ, ಹೋಗಿ ಕೂತ್ಬುಟ್ಟ. ನಂಗೆ ಬೇಕಾಗಿದ್ದು ನಡುವಿನ ದಾರಿ ಪಕ್ಕದ ಸೀಟು. ಕಕ್ಕಸಿಗೆ ಎಷ್ಟು ಹೆಜ್ಜೆ ಅಂತ ಹತ್ತಿದ ತಕ್ಷಣ ನೋಡ್ಕಂಡಿದ್ದೆ.

ಬೆಲ್ಟ್ ಹಾಕ್ಕಳ್ಳಿ ಅನ್ನೋ ದೀಪ ಹತ್ತಿದಾಗ್ಲೇ ನಂಗೆ ಬತ್ತದೆ. ಅದೇನು ಸಂಬಂಧವೋ. ಒಂದು ಸಲ ದೀಪ ಆರೋಗಂಟ ಹಲ್ಲು ಕಚ್ಕಂಡು ಕೂತಿದ್ದು ಓಡಿದ್ರೆ, ಮುಂದೆ ಮೂರು ಜನ. ಎಲ್ಲಕ್ಕಿಂತ ಮುಂದೆ ಇದ್ದೋಳು ಒಬ್ಬ ದಪ್ಪ ಅಜ್ಜಿ, ಆಫ್ರಿಕಾದೋಳು, ತಲೆಗೆ ಬಣ್ಣದ ಬಟ್ಟೆ ಸುತ್ತಿದ್ಳು. ನನ್ ಮುಖ ನೋಡಿದ್ಳು. ನನ್ ತೋಳು ಹಿಡ್ದು ಮೂರು ಜನರನ್ನೂ ದಾಟ್ಸಿ ಬಾಗ್ಲಿಗೆ ತಳ್ಳಿದ್ಳು. "ಸಾರಿ, ಸಾರಿ" ಅಂದ್ಳು.

ನಾನು ಸಾರಿ ಅನ್ಬೇಕಾಗಿದ್ದು. ಅವಳ್ಯಾಕೆ ಅಂದ್ಳೋ ಆಗ ತಿಳೀಲಿಲ್ಲ.

ವಾಪಸ್ ಬಂದ್ರೆ ನಂಜಣ್ಣ, "ಏನ್ಲಾ, ಆವಾಗ್ಲಿಂದ ಓಡಾಡ್ತೀಯ, ಆ ಊಟ ಕೊಡೋ ಹುಡ್ಗೀರ್ನ ನೋಡಕ್ಕಾ?" ಅಂದ. ಹೂ ಅಂದೆ. ಅದೇ ಒಳ್ಳೇದು ಅನ್ನಿಸ್ತು.

ಎಂಟೆಬೆಯಿಂದ ಪೂರ್ವಕ್ಕೆ

ಎಂಟೆಬೆ ಏರ್‌ಪೋರ್ಟ್‌ಗೆ ಮೋಸೆಸ್ ಬಂದಿದ್ದ. ಸಂಘದ ಲೆಕ್ಕ ಪತ್ರ, ವ್ಯಾನು ಎಲ್ಲ ನೋಡ್ಕಳ್ಳೋನು. ಎತ್ತರಕ್ಕೆ ಅವ್ನೆ, ಮಾತು ನಿಧಾನ. ನಂಜಣ್ಣ ವ್ಯಾನು ಹತ್ತೋವಾಗ ಮಂಡಿ ತಗಲಿಸ್ಕಂಡ. ಮೋಸೆಸ್ "ಸಾರಿ, ಸಾರಿ" ಅಂದ.

"ಇವ್ನೇನ್ಲಾ ಮಾಡ್ದ? ನಾನೇ ಬಿದ್ದಿದ್ದು," ಅಂದ ನಂಜಣ್ಣ.

ಎರಡು ದಿನ ನೋಡುದ್ಮೇಲೆ ಗೊತ್ತಾಯ್ತು. ಅಲ್ಲಿ ಯಾರಿಗೆ ಏನಾದ್ರೂ ಪಕ್ಕದೋನು ಸಾರಿ ಅಂತಾನೆ. ತಪ್ಪು ಅವನದಲ್ದಿದ್ರೂ. ನಿನಗೆ ನೋವಾಯ್ತಲ್ಲ, ನಂಗೆ ಬೇಜಾರು ಅಂತ. ನಮ್ಮಲ್ಲಿ ಎಡವಿ ಬಿದ್ರೆ ಕಣ್ಣು ಕಾಣಕಿಲ್ವಾ ಅಂತಾರೆ.

ಮಣ್ಣು ಕೆಂಪಗೈತೆ. ರೋಡ್ ಪಕ್ಕ ಬಾಳೆ, ಹಲಸು, ಮಾವು. ಕನಕಪುರದ ಕಡೆ ಹೋಗ್ತಾ ಇವ್ನೇನೋ ಅನ್ನಿಸ್ತು. ಬೈಕಲ್ಲಿ ಒಬ್ಬ ಸೋಫಾ ಸಾಗಿಸ್ತಿದ್ದ, ಸೋಫಾ ಮೇಲೆ ಇನ್ನೊಬ್ಬ ಕೂತಿದ್ದ. ಅದು ನಮ್ಮಲ್ಲೂ ನೋಡಿಲ್ಲ.

ವ್ಯಾನ್ ನಿಲ್ಲಿಸು ಅಂತ ಐದು ಸಲ ಕೇಳಿದೆ. ಮೋಸೆಸ್ ಒಂದ್ಸಲನೂ ಮುಖ ಗಂಟಾಕಲಿಲ್ಲ. ಮಧ್ಯಾಹ್ನ ದೊಡ್ ಸೇತುವೆ ಬಂತು. "ಇದೇ ನೈಲ್ ನದಿ" ಅಂತ ಅವ್ನು ಖುಷಿಯಾಗಿ ಗಾಡಿ ಸ್ಲೋ ಮಾಡ್ದ. ನಂಗೆ ಬಂದಿತ್ತು. ಕಣ್ಣು ಮುಚ್ಕಂಡು, ಉಸ್ರು ಬಿಗಿ ಹಿಡ್ದು ಕೂತಿದ್ದೆ. ಸೇತುವೆ ದಾಟಿ ಸಿಕ್ಕಿದ ಪೆಟ್ರೋಲ್ ಬಂಕಿಗೆ ಓಡಿದೆ. ಒಳಗೆ ಹಳದಿ ಕ್ಯಾನ್ ತುಂಬ ನೀರು ಇಟ್ಟಿದ್ರು, ಪಕ್ಕದಲ್ಲಿ ಮಗ್ಗು. ತಣ್ಣಗಿತ್ತು. ನೈಲ್ ನೀರೇ ಇರ್ಬೇಕು. ಆವತ್ತು ನಾನು ನೋಡಿದ ನೈಲು ಅಷ್ಟೇ. ಅಷ್ಟಕ್ಕೇ ಕೈ ಮುಗ್ದೆ.

ಷೆಡ್ಡು

ಸಂಘದ ಷೆಡ್ಡು ಹಳ್ಳಿ ಅಂಚಲ್ಲಿ ಐತೆ. ತಗಡಿನ ಮೇಲ್ಛಾವಣಿ, ಪಕ್ಕದಲ್ಲಿ ಹಿಪ್ಪುನೇರಳೆ ತೋಟ. ಅಂಗಳದಾಚೆ ಗುಂಡಿ ಕಕ್ಕಸ್. ಷೆಡ್ಡಲ್ಲಿ ನಾನು ಕೂರೋ ಜಾಗದಿಂದ ಮೂವತ್ತೆಂಟು ಹೆಜ್ಜೆ. ಮೊದ್ಲು ಎಣಿಸಿದ್ದು ಅದನ್ನೇ.

ಸಂಘಕ್ಕೆ ದೊಡ್ಡೋಳು ಮಾಮಾ ರೋಸ್. ಅಲ್ಲಿ ಅಮ್ಮ ಅನ್ನೋದಕ್ಕೆ ಮಾಮಾ ಅಂತಾರೆ. ನಮ್ಮವ್ವನ ವಯಸ್ಸು. ಹುಳ ಸಾಕದು, ಅಡುಗೆ ಮಾಡದು, ಮಿಕ್ಕಿದೋರ್ನ ಗದರಿಸದು, ಎಲ್ಲ ಅವಳದೇ.

ಮೆಷಿನ್ ನಂಜಣ್ಣ ಜೋಡಿಸ್ದ. ನಾನು ಹೆಂಗಸ್ರಿಗೆ ಎಳೆ ಎತ್ತೋದು ತೋರಿಸ್ದೆ. ಗೂಡು ಬೇಯಿಸಿ, ಬ್ರಷ್ ಆಡ್ಸಿ, ತುದಿ ಹುಡುಕಿ, ಏಳೆಂಟು ಎಳೆ ಸೇರ್ಸಿ ರಾಟೆಗೆ ಕೊಡದು. ನಂಗೆ ಹರುಕು ಮುರುಕು ಇಂಗ್ಲಿಷ್ ಬತ್ತದೆ. ಅವ್ರಲ್ಲಿ ಅರ್ಧ ಜನಕ್ಕೆ ಅದೂ ಬರಲ್ಲ. ಕೈ ತೋರ್ಸಿದ್ರೆ ಸಾಕಾಯ್ತು. ಬಿಸಿನೀರಿಗೆ ಬೆರಳಿಟ್ಟು ಸುಟ್ಕಂಡಾಗ ಕೂಗೋ ಸದ್ದು ಎರಡೂ ದೇಶದಲ್ಲಿ ಒಂದೇ.

ಹೋಗಿ ಬಂದೆ ಅಂದ್ರೆ ಮಾಮಾ ರೋಸ್ "ಕುಲಿಕಾ!" ಅಂತಿದ್ಳು. ಎಲ್ಲಿಗಾದ್ರೂ ಹೋಗಿ ವಾಪಸ್ ಬಂದೋರಿಗೆ ಹಂಗನ್ನೋದು ರೂಢಿ. ಹೋಗಿದ್ದೆ, ಕ್ಷೇಮವಾಗಿ ಬಂದೆ, ಸಂತೋಷ ಅಂತ. ಪೇಟೆಗೆ ಹೋಗಿ ಬಂದ್ರೂ ಅಂತಾರೆ, ತೋಟಕ್ಕೆ ಹೋಗಿ ಬಂದ್ರೂ ಅಂತಾರೆ. ನಾನು ಕಕ್ಕಸಿಗೆ ಹೋಗಿ ಬಂದ್ರೂ ಅಂದ್ಳು. ಮೊದ್ಲ ದಿನ ಒಂಬತ್ತು ಸಲ. ಒಂದ್ಸಲನೂ ನಗಲಿಲ್ಲ. ಇವ್ನಿಗೇನು ರೋಗ ಅನ್ನೋ ಹಂಗೂ ನೋಡಲಿಲ್ಲ.

ರಾಮನಗರದ ಬೇಸನ್ನಿಂದ ಎದ್ದಾಗ ಓನರ್ ಅಂತಿದ್ದ ಮಾತು ಗ್ಯಾಪ್ಕ ಬಂತು. ಅದನ್ನ ಬರಿಯಲ್ಲ ಬುಡಿ.

ಮೂರ್ನೇ ದಿನದ ಊಟ

ಎರಡು ದಿನ ಬಾಳೆಕಾಯಿ ಬೇಯಿಸಿ ಹಿಸುಕಿದ್ದು, ಅನ್ನ. ನನ್ ಒಳಚೀಲಕ್ಕೆ ಬಾಳೆಕಾಯಿ ಬಲೇ ಒಗ್ಗಿತು. ನಂಜಣ್ಣನಿಗೆ ಮಾತ್ರ ಬೇಜಾರಾಗಿತ್ತು. "ಮುದ್ದೆ ಕಾಣ್ದೆ ಹೊಟ್ಟೆ ತುಂಬಂಗಿಲ್ಲ ಕಣ್ಲಾ" ಅಂತಿದ್ದ.

ಮೂರ್ನೇ ದಿನ ಮಾಮಾ ರೋಸ್ ಒಂದು ಮುಚ್ಚಳದ ಬುಟ್ಟಿ ತಂದಿಟ್ಳು. ಹೆಣೆದಿದ್ದು, ಚೆಂದದ್ದು. ಮುಚ್ಚಳ ತಗದ್ಳು. ಹಬೆ ಬಂತು. ನಂಜಣ್ಣ ಬಗ್ಗಿ ನೋಡ್ದ. ಮೂಸಿ ನೋಡ್ದ. ಆಮೇಲೆ ಕೂಗ್ಬುಟ್ಟ.

"ಲೇ ಶಿವ! ರಾಗಿ ಕಣ್ಲಾ! ಮುದ್ದೆ ಕಣ್ಲಾ ಇದು!"

ನಿಜವಾಗ್ಲೂ ರಾಗಿ. ಅವ್ರು ಕಾಲೊ ಅಂತಾರೆ. ರಾಗಿ ಹಿಟ್ಟಿಗೆ ಒಸಿ ಮರಗೆಣಸಿನ ಹಿಟ್ಟು ಬೆರೆಸಿ ತಿರುವಿರ್ತಾರೆ, ನಮ್ದಕ್ಕಿಂತ ಅಂಟು. ನಂಬಿಕೆ ಬರ್ಲಿ ಅಂತ ಮಾಮಾ ರೋಸ್ ಹಿತ್ಲಿಂದ ಒಂದು ಹಿಡಿ ಕಾಳು ತಂದು ನಂಜಣ್ಣನ ಅಂಗೈಗೆ ಹಾಕಿದ್ಳು. ಅವ್ನು ಅದನ್ನ ನೋಡ್ತಾ ಹಂಗೇ ಕೂತ. "ಗುಡೇಮಾರನಹಳ್ಳಿ ರಾಗಿ ಇಲ್ಲಿಗೆ ಹೆಂಗ್ ಬಂತ್ಲಾ?" ಅಂದ. ಮೋಸೆಸ್‌ಗೆ ಅರ್ಥ ಮಾಡ್ಸುದ್ರೆ ಅವ್ನು ನಕ್ಕು, ರಾಗಿ ಮೊದ್ಲು ಹುಟ್ಟಿದ್ದೇ ನಮ್ ಕಡೆ, ನಿಮ್ಗೆ ಬಂದಿದ್ದು ಆಮೇಲೆ ಅಂದ. ನಂಜಣ್ಣ ಒಪ್ಪಲಿಲ್ಲ.

ಉಣ್ಣೋದೂ ನಮ್ ಥರನೇ. ಬೆರಳಲ್ಲಿ ಮುರಿ, ಉಂಡೆ ಕಟ್ಟು, ಹೆಬ್ಬೆಟ್ಟಲ್ಲಿ ಗುಳಿ ಮಾಡು, ಸಾರು ತುಂಬ್ಕ, ನುಂಗು. ಅವ್ರೂ ನುಂಗ್ತಾರೆ! ಗದ್ದ ಅಲ್ಲಾಡಲ್ಲ. ನಾನು ನೋಡ್ತಾ ಕೂತೆ. ಸಮುದ್ರ ದಾಟಿ ಬಂದ್ರೆ ಇಲ್ಲೂ ನಮ್ಮೋರೇ ಕೂತವ್ರೆ ಅನ್ನಿಸ್ತು. ಕಣ್ಣಲ್ಲಿ ನೀರು ಬಂತು.

ಆ ಖುಷೀಲಿ ನಾನೂ ನುಂಗ್ದೆ.

ನಾಕು ವರ್ಷ ಆಗಿತ್ತು. ಗಂಟ್ಲಲ್ಲಿ ಮುದ್ದೆ ಜಾರಿ ಇಳಿಯೋ ಸುಖ ಉಂಡೋರಿಗೇ ಗೊತ್ತು. ಒಂದಲ್ಲ, ಅಷ್ಟೂ ನುಂಗ್ದೆ. ಸಾರು ಕಳ್ಳೇಕಾಯಿ ಅರೆದು ಮಾಡಿದ್ದು, ಗಟ್ಟಿಗೆ, ರುಚಿಯಾಗಿತ್ತು. ಅದ್ರೊಳಗೆ ಚಿಕ್ ಚಿಕ್ಕ ಅಣಬೆ, ಒಣಗಿಸಿದ್ದು. ರಬ್ಬರ್ ಥರ. ಮುದ್ದೆ ಜೊತೆ ಅವೂ ಇಡಿಯಾಗಿ ಹೋದ್ವು.

"ಇವತ್ತು ಗಂಡ್ಸಂಗೆ ಉಣ್ತಾವ್ನೆ ನೋಡು," ಅಂದ ನಂಜಣ್ಣ.

ನಾಲ್ಕ್ನೇ ದಿನ

ಬೆಳಿಗ್ಗೆ ಎದ್ರೆ ಹೊಟ್ಟೆ ತಮಟೆ ಥರ ಬಿಗಿದಿತ್ತು. ಕಕ್ಕಸಿಗೆ ಹೋದೆ. ಏನೂ ಬರ್ಲಿಲ್ಲ. ದಿನಕ್ಕೆ ಹತ್ತು ಸಲ ಹೋಗೋನಿಗೆ ಒಂದ್ಸಲನೂ ಬರ್ದಿದ್ರೆ ಅದಕ್ಕಿಂತ ಭಯ ಬೇರೆ ಇಲ್ಲ. ನೋವು ಅಲೆ ಥರ ಬರದು, ಹಿಂಡದು, ಒಸಿ ಬುಡದು, ಮತ್ತೆ ಹಿಂಡದು. ಒಂಬತ್ತು ಗಂಟೆಗೆ ವಾಂತಿ ಆಯ್ತು.

ಮಾಡ್ಕಂಡಿದ್ದು ನಾನೇ ಅಂತ ಗೊತ್ತಾಯ್ತು. ಇಲ್ಲಿ ಹೊಟ್ಟೆ ಕೊಯ್ದ್ರೆ ಒಳಚೀಲ ಉಳಿಯಲ್ಲ, ಹೊರಗಿನ್ ಚೀಲ ಹಾಕ್ಸ್ಕಂಡು ಕೂಟಗಲ್ಲಿಗೆ ಹೋಗದು ಅಂತ್ಲೂ ಅನ್ನಿಸ್ತು.

ಮಾಮಾ ರೋಸ್ ನೋಡಿದ್ಳು. "ಸಾರಿ, ಸಾರಿ" ಅಂತ ಬೆನ್ನು ಸವರಿದ್ಳು. ಮೋಸೆಸ್‌ನ ಕೂಗಿದ್ಳು. ವ್ಯಾನಲ್ಲಿ ಮಲಗಿಸ್ಕಂಡು ಕ್ಲಿನಿಕ್ಕಿಗೆ ಹೊರಟ್ರು. ದಾರಿ ಪೂರ್ತಿ ನಂಜಣ್ಣ ಬೈತಾನೇ ಇದ್ದ. "ಅಷ್ಟೊಂದು ಯಾಕ್ ತಿಂದ್ಯೋ! ಬರಗೆಟ್ಟೋನೆ! ಒಂದು ಸೋಡಾ ಕುಡುದ್ರೆ ಸರೋಯ್ತದೆ."

ಕ್ಲಿನಿಕ್ಕು

ಎರಡು ರೂಮು, ಒಂದು ಅಂಗಳ, ಅಂಗಳದಲ್ಲಿ ಹಲಸಿನ ಮರ. ನರ್ಸು ಗ್ರೇಸ್ ಒಬ್ಳೇ ಇದ್ಳು. ಡಾಕ್ಟ್ರು ದೊಡ್ ಊರಲ್ಲಿ, ಮೂರು ಗಂಟೆ ದಾರಿ.

ನಾನು ಪಾಸ್‌ಪೋರ್ಟ್ ಕವರಿಂದ ಕಾಗ್ದ ತಗದು ಕೊಟ್ಟೆ. ನಂಜಣ್ಣ ನೋಡ್ದ. "ಅದೇನ್ಲಾ?"

ಗ್ರೇಸ್ ಓದಿದ್ಳು. ಎರಡು ಸಲ ಓದಿದ್ಳು. ನನ್ ಅಂಗಿ ಎತ್ತಿ ಹೊಟ್ಟೆ ಮೇಲಿನ ಹೊಲಿಗೆ ಗುರುತು ನೋಡಿದ್ಳು. ನಂಜಣ್ಣನೂ ನೋಡ್ದ.

ಅವನಿಗೆ ತಿಳೀಲಿ ಅಂತ ಗ್ರೇಸ್ ಒಂದು ಔಷಧಿ ಡಬ್ಬ ಹರ್ದು, ಅದ್ರ ಹಿಂದೆ ಪೆನ್ನಲ್ಲಿ ಕರುಳು ಬರೆದ್ಳು. ದೊಡ್ಡದನ್ನ ಬರೆದು ಗೀಟು ಎಳೆದು ಹೊಡೆದಾಕಿದ್ಳು. ಸಣ್ಣದ್ರ ತುದಿ ಕೊಕ್ಕೆ ಥರ ಮಡಿಸಿ ತೋರಿಸಿದ್ಳು. ಮೇಲೆ ಒಂದು ಕಡೆ ಚುಕ್ಕಿ ಇಟ್ಟು, ಇಲ್ಲಿ ಕಟ್ಟಿದೆ ಅಂದ್ಳು.

ಭಾಷೆ ಬೇಕಾಗಲಿಲ್ಲ. ನಂಜಣ್ಣ ಮೆಕ್ಯಾನಿಕ್ಕು.

"ಅಂದ್ರೆ ಟ್ಯಾಂಕ್ ಕಿತ್ತಾಕಿ, ಪೈಪ್ನೇ ಮಡ್ಚಿ ಟ್ಯಾಂಕ್ ಮಾಡವ್ರೆ," ಅಂದ. ಆಮೇಲೆ ನನ್ ಕಡೆ ತಿರುಗಿ, "ಎಷ್ಟು ವರ್ಷ ಆಯ್ತ್ಲಾ?"

"ನಾಕು."

"ನನ್ ಜೊತೆ ಎರಡು ವರ್ಷದಿಂದ ಇದ್ದೀಯ. ದಿನಾ ಒಂದೇ ಟೇಬಲ್ ಮುಂದೆ ಕೂತು ಟೀ ಕುಡೀತೀಯ. ಬಾಯಿ ಬಿಡಲಿಲ್ವಲ್ಲೋ ಬೋಳಿಮಗನೆ."

"ಯೋಳಿದ್ರೆ ಕರ್ಕಂಡು ಬರ್ತಿದ್ಯಾ?"

"ಬರ್ತಿರ್ಲಿಲ್ಲ," ಅಂದ. "ಅದ್ಕೆ ನೀನು ಮಾಡಿದ್ದು ಸರಿ ಅಂತಲ್ಲ."

ಗ್ರೇಸ್ ಕೈಗೆ ಗ್ಲೂಕೋಸ್ ಹಾಕಿದ್ಳು. ನೋವಿಗೆ ಒಂದು ಇಂಜೆಕ್ಷನ್. ಬಾಯಿಗೆ ಏನೂ ಬೇಡ ಅಂದ್ಳು. ಬೆಂಗ್ಳೂರು ಡಾಕ್ಟ್ರ ನಂಬರ್ ಕಾಗ್ದದಲ್ಲಿತ್ತು, ಫೋನ್ ಮಾಡಿ ಮಾತಾಡಿದ್ಳು. ಆಮೇಲೆ ನಿಧಾನವಾಗಿ, ನಂಗೆ ತಿಳಿಯಂಗೆ ಯೋಳಿದ್ಳು. ಪೂರ್ತಿ ಕಟ್ಟಿಲ್ಲ ಅನ್ಸ್ತದೆ. ಸಾಯಂಕಾಲ ಐದು ಗಂಟೆವರ್ಗೂ ನೋಡ್ತೀನಿ. ಬಿಚ್ಕಂಡ್ರೆ ಸರಿ. ಇಲ್ದಿದ್ರೆ, ಇಲ್ಲಾ ನೋವು ಜಾಸ್ತಿ ಆದ್ರೆ, ದೊಡ್ ಊರಿಗೆ. ಅಲ್ಲಿ ಕೊಯ್ತಾರೆ. ಮೋಸೆಸ್ ವ್ಯಾನ್ ಮುಖ ರೋಡ್ ಕಡೆ ತಿರುಗಿಸಿ ನಿಲ್ಲಿಸ್ದ.

ನಡೀಬೇಕು ಅಂದ್ಳು. ನಡುದ್ರೆ ಕರುಳು ಅಲ್ಲಾಡ್ತದಂತೆ. ನಂಜಣ್ಣ ಒಂದು ಕೈಲಿ ಗ್ಲೂಕೋಸ್ ಬಾಟ್ಲು ಎತ್ತಿ ಹಿಡ್ದ, ಇನ್ನೊಂದು ಕೈಲಿ ನನ್ ಸೊಂಟ. ಹಲಸಿನ ಮರದ ಸುತ್ತ ಸುತ್ತು. ಬಿಸಿಲು. ಹತ್ತು ಸುತ್ತು ನಡೆಯದು, ಮಂಡಿಯೂರಿ ತಲೆ ನೆಲಕ್ಕಿಟ್ಟು ಬಗ್ಗದು, ಮತ್ತೆ ನಡೆಯದು. ತೋಳು ಸೋತು ಬಾಟ್ಲು ಇಳೀತಿತ್ತು, ಮತ್ತೆ ಎತ್ತೋನು. ಬಾಟ್ಲು ಮೋಸೆಸ್‌ಗೆ ಕೊಡು ಅಂದೆ. ಕೊಡಲಿಲ್ಲ.

"ಪೈಪಲ್ಲಿ ಕಸ ಕಟ್ಟುದ್ರೆ ಏನ್ಮಾಡ್ತೀವಿ? ಮೆಲ್ಲಗೆ ತಟ್ತೀವಿ, ನೀರು ಬುಡ್ತೀವಿ, ಕಾಯ್ತೀವಿ. ಸುತ್ಗೆ ತಗಳಲ್ಲ. ಈಯಮ್ಮ ಸರ್ಯಾಗೇ ಮಾಡ್ತಾವ್ಳೆ. ನಡಿ," ಅಂದ.

ಮೂರು ಗಂಟೆಗೆ ಸಂಘದ ಹೆಂಗಸ್ರು ಬಂದ್ರು. ಕೆಲ್ಸ ಬುಟ್ಟು, ನಡ್ಕಂಡು. ಒಬ್ಬೊಬ್ರೇ ಬಂದು "ಸಾರಿ" ಅಂದು ಗೋಡೆ ನೆರಳಲ್ಲಿ ಕೂತ್ರು. ಯಾರೂ ಸಲಹೆ ಕೊಡಲಿಲ್ಲ. ನಮ್ಮಲ್ಲಿ ಇಷ್ಟೊತ್ತಿಗೆ ಹತ್ತು ಕಷಾಯ ಬಂದಿರದು. ಇವ್ರು ಸುಮ್ನೆ ಕೂತ್ರು, ಬುಟ್ಟು ಹೋಗಲಿಲ್ಲ. ಮಾಮಾ ರೋಸ್ ಅಳ್ತಿದ್ಳು. ಅವಳ ಸಾರಿಂದಲೇ ಆಯ್ತು ಅಂತ. ಸಾರಿಂದ ಅಲ್ಲ, ನಾನು ಅಗೀಲಿಲ್ಲ ಅಂತ ಹಲ್ಲಿಗೆ ಹಲ್ಲು ಬಡಿದು ತೋರಿಸ್ದೆ. ಆ ನೋವಲ್ಲೂ ನಗು ಬಂತು.

ನಾಲ್ಕೂವರೆ ಆಯ್ತು. ಮೋಸೆಸ್ ಬೀಗದಕೈ ಹಿಡ್ಕಂಡು ನಿಂತ್ಕಂಡ. ಗ್ರೇಸ್ ಗಡಿಯಾರ ನೋಡಿದ್ಳು. ನಾನು ಮರದ ಬುಡದಲ್ಲಿ ಬಗ್ಗಿ ಕೂತಿದ್ದೆ. ದೇವ್ರನ್ನ ಕೇಳಕ್ಕೂ ಆಗ್ತಿರ್ಲಿಲ್ಲ, ಬರೀ ಹೊಟ್ಟೆ ಒಳಗೆ ಕಿವಿ ಇಟ್ಟಿದ್ದೆ.

ಗುಳುಗುಳು ಅಂತು.

ಎಲ್ರಿಗೂ ಕೇಳಿಸ್ತು. ನಂಜಣ್ಣ ಬಾಟ್ಲು ಸಮೇತ ಬಗ್ಗಿ, "ಲೇ, ಏನೋ ಅಂತು!" ಅಂದ. ಇನ್ನೊಂದ್ಸಲ ಗುಳುಗುಳು. ನಾನು ಎದ್ದೆ. ಓಡಿದೆ. ನಂಜಣ್ಣ ಬಾಟ್ಲು ಎತ್ತಿ ಹಿಡ್ಕಂಡು ಹಿಂದೆ ಓಡ್ದ. ಕಕ್ಕಸ್ ಬಾಗ್ಲು ಪೂರ್ತಿ ಹಾಕಂಗಿಲ್ಲ, ಟ್ಯೂಬು ಸಿಕ್ಕಾಕೊತದೆ. ಅವ್ನು ಹೊರಗೆ ನಿಂತು, ಕೈ ಮಾತ್ರ ಒಳಗೆ ತೂರ್ಸಿ ಬಾಟ್ಲು ಹಿಡ್ಕಂಡಿದ್ದ.

"ಬಂತೇನ್ಲಾ?"

"ಬಂತು."

"ಬಂತಂತೆ!" ಅಂತ ಕನ್ನಡದಲ್ಲೇ ಅಂಗಳಕ್ಕೆಲ್ಲ ಕೂಗ್ದ. ಅಲ್ಲಿದ್ದೋರಿಗೆ ಒಂದಕ್ಷರ ಕನ್ನಡ ಬರಲ್ಲ. ಎಲ್ರಿಗೂ ಅರ್ಥ ಆಯ್ತು. ಹೆಂಗಸ್ರು ಬಾಯಿ ಮೇಲೆ ಕೈ ಆಡ್ಸಿ ಲುಲುಲು ಅಂತ ಕೂಗಿದ್ರು.

ನಾನು ಹೊರಗೆ ಬಂದೆ. ಮಾಮಾ ರೋಸ್ ಎದ್ದು ನಿಂತು, ಎರಡೂ ಕೈಲಿ ನನ್ ಕೈ ಹಿಡ್ಕಂಡ್ಳು.

"ಕುಲಿಕಾ," ಅಂದ್ಳು.

ಹೋಗಿದ್ದೆ, ಕ್ಷೇಮವಾಗಿ ಬಂದೆ.

ಉಳಿದ ದಿನಗಳು

ಎರಡು ದಿನ ಬರೀ ನೀರು, ಉಪ್ಪು ಸಕ್ಕರೆ ಹಾಕಿದ್ದು, ಗಂಜಿ. ಮೂರ್ನೇ ದಿನ ಷೆಡ್ಡಿಗೆ ಹೋದ್ರೆ ನನ್ ಬೇಸನ್ ಇದ್ದ ಜಾಗದಲ್ಲಿಲ್ಲ. ಹೆಂಗಸ್ರು ನಂಜಣ್ಣನ ಕೈಲಿ ಬೋಲ್ಟ್ ಬಿಚ್ಚಿಸಿ, ಅದನ್ನ ಬಾಗ್ಲ ಪಕ್ಕಕ್ಕೆ ತಂದು ಕೂರ್ಸಿದ್ರು. ಈಗ ಹದಿನೇಳೇ ಹೆಜ್ಜೆ, ಅಂಗಳದಲ್ಲಿ ಕಲ್ಲು ಹಾಸಿ ನೇರ ದಾರಿ ಬೇರೆ ಮಾಡಿದ್ರು. ನಾನು ಎದ್ದ ತಕ್ಷಣ ಪಕ್ಕದೋಳು ಒಂದು ಕೈ ನನ್ ಬೇಸನ್ನಿಗೆ ಹಾಕೋಳು. ಒಂದು ಗೂಡೂ ಬೆಂದೋಗಲಿಲ್ಲ. ಹಿಂಗೂ ಮಾಡ್ಬಹುದಿತ್ತಾ? ಇಷ್ಟು ಸುಲಭವಾ? ನಾಕು ವರ್ಷದಲ್ಲಿ ರಾಮನಗರದಲ್ಲಿ ಯಾರಿಗೂ ಹೊಳೀಲಿಲ್ಲ. ನಂಗೂ ಹೊಳೀಲಿಲ್ಲ, ನಾನೂ ಕೇಳಲಿಲ್ಲ.

ಹೊರಡೋ ಹಿಂದಿನ ದಿನ ಮಾಮಾ ರೋಸ್ ಮತ್ತೆ ಕಾಲೊ ಮಾಡಿದ್ಳು. ಸಾರು ಬಟ್ಟೇಲಿ ಸೋಸಿದ್ಳು, ಅಣಬೆ ಇಲ್ಲ. ನಂಜಣ್ಣ ಅವಳಿಗೆ ಒಂದು ಕನ್ನಡ ಮಾತು ಕಲ್ಸಿದ್ದ. ಸೌಟು ಹಿಡ್ಕಂಡು ನನ್ ಮುಂದೆ ನಿಂತು, ಒಂದೊಂದು ತುತ್ತಿಗೂ "ಅಗಿ! ಅಗಿ!" ಅಂದ್ಳು. ಗೋಡೆ ಕಡೆ ತಿರುಗಕ್ಕೆ ಅಲ್ಲಿ ಗೋಡೇನೇ ಇರ್ಲಿಲ್ಲ. ಎಲ್ರ ಮುಂದೆ ಅಗಿದೆ.

ಬರೋವಾಗ ನೈಲ್ ಸೇತುವೆ ಹತ್ರ ಮೋಸೆಸ್ ಹೊಟ್ಟೆ ಹೆಂಗೈತೆ ಅಂತ ಕೇಳಿ, ಗಾಡಿ ಸ್ಲೋ ಮಾಡ್ದ. ಈ ಸಲ ನೋಡ್ದೆ. ದೊಡ್ ನದಿ. ಸದ್ದಿಲ್ದೆ ಹೋಗ್ತಾ ಇತ್ತು.

ಮತ್ತೆ ರಾಮನಗರ

ಡಾಕ್ಟ್ರು ಟ್ಯೂಬ್ ಹಾಕಿ ನೋಡಿದ್ರು. ಒಳಚೀಲ ಒಸಿ ಕೆಂಪಗೈತೆ, ಆದ್ರೆ ಗಟ್ಟಿಯಾಗೈತೆ, ಸದ್ಯಕ್ಕೆ ತಗಿಯೋ ಮಾತಿಲ್ಲ ಅಂದ್ರು. ಗ್ರೇಸ್ ಬರ್ಕೊಟ್ಟಿದ್ದ ಚೀಟಿ ಓದಿ, "ಯಾರಿವ್ರು? ಪುಣ್ಯಾತ್ಗಿತ್ತಿ. ಆತುರ ಮಾಡಲಿಲ್ಲ," ಅಂದ್ರು. ಬೈಗುಳ ನಂಗೆ ಬೇರೆ ಸಿಕ್ತು, ಅದು ನ್ಯಾಯವೇ. ಮುಂದೆ ಮತ್ತೆ ಊದ್ಕಬಹುದು. ಊದ್ಕಂಡ್ರೆ ಆಗ ನೋಡನ.

ವರ್ಕ್‌ಶಾಪಲ್ಲಿ ನನ್ ಟೇಬಲ್ ಬಾಗ್ಲ ಪಕ್ಕಕ್ಕೆ ಬಂದೈತೆ. ನಂಜಣ್ಣನ ಕೆಲ್ಸ, ಒಂದಿನ ಬೆಳಿಗ್ಗೆ ಬಂದ್ರೆ ಅಲ್ಲಿತ್ತು.

ಹೋದ ವಾರ ಗೂಡಿನ ಮಾರ್ಕೆಟ್ ಹತ್ರ ಮೆಸ್ಸಿಗೆ ಊಟಕ್ಕೆ ಹೋಗಿದ್ವಿ. ಮುದ್ದೆ, ಹುರುಳಿಕಾಳಿನ ಬಸ್ಸಾರು. ನಾನು ರೂಢಿ ಮೇಲೆ ಗೋಡೆ ಕಡೆ ಕೂತೆ. ನಂಜಣ್ಣ, "ಇಲ್ಲಿ ಬಾ" ಅಂತ ಎದುರಿಗೆ ಕೂರ್ಸ್ಕಂಡ. ನಾನು ಮುರ್ದೆ, ಅದ್ದಿದೆ, ಅಗಿದೆ.

ಪಕ್ಕದ ಟೇಬಲ್ಲಲ್ಲಿ ಕನಕಪುರದಿಂದ ಗೂಡು ತಂದಿದ್ದೋನು ಒಬ್ಬ ಕೂತಿದ್ದ, ನಂಜಣ್ಣನಿಗೆ ಪರಿಚಯ. ನೋಡಿ ನಕ್ಕ. "ಏನ್ ನಂಜಣ್ಣ, ನಿನ್ ಹುಡ್ಗ ಮುದ್ದೆ ಅಗೀತಾವ್ನೆ? ಯಾವ ಸೀಮೆಯೋನ್ಲಾ ಇವ್ನು?" ಮೆಸ್ಸಲ್ಲಿ ನಾಕು ಜನ ತಿರುಗಿ ನೋಡಿದ್ರು.

ನಂಗೆ ಕತ್ತು ತನ್ನಿಂತಾನೇ ಗೋಡೆ ಕಡೆ ತಿರುಗ್ತು.

ನಂಜಣ್ಣ ಐವತ್ತು ವರ್ಷದಿಂದ ಮುದ್ದೆ ನುಂಗ್ದೋನು. ಒಂದು ದೊಡ್ ತುತ್ತು ಮುರ್ದ, ಬಸ್ಸಾರಲ್ಲಿ ಅದ್ದಿ ಬಾಯಿಗಿಟ್ಕಂಡ, ಕನಕಪುರದೋನ ಮುಖನೇ ನೋಡ್ಕಂಡು, ಎಮ್ಮೆ ಮೆಲುಕು ಹಾಕ್ದಂಗೆ ಅಗಿಯಕ್ಕೆ ಶುರು ಮಾಡ್ದ. ಮುದ್ದೆ ಹಲ್ಲಿಗೆಲ್ಲ ಮೆತ್ಕಂತು. ಬಿಡಲಿಲ್ಲ. ಅಗಿದ, ಅಗಿದ, ಮೆಸ್ಸಲ್ಲಿ ಎಲ್ರೂ ಸುಮ್ನಾಗೋಗಂಟ ಅಗಿದ. ಆಮೇಲೆ ನುಂಗಿ, ನೀರು ಕುಡ್ದು, ನನ್ ತಟ್ಟೆ ಕಡೆ ಕೈ ತೋರಿಸ್ದ.

"ಅಗಿ," ಅಂದ. "ನಿಧಾನಕ್ಕೆ ಅಗಿ. ನಂಗೇನೂ ಆತುರ ಇಲ್ಲ."